ಟಿಎಂಸಿಗೆ ಕ್ಯೂಸೆಕ್ ಕೂಡಿಸುವ ಮುನ್ನ

ಮಳೆಗಾಲ ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಾಲುವೆ ರೈತರಿಗೆ ಬೆಳಗಾದರೆ ತುಂಗಭದ್ರಾ ಡ್ಯಾಂನದೇ ಲೆಕ್ಕ. ಸಂಗ್ರಹ ಟಿಎಂಸಿಯಲ್ಲಿ ಸಿಗುತ್ತದೆ, ಒಳಹರಿವು ಕ್ಯೂಸೆಕ್‌ನಲ್ಲಿ. ಎರಡನ್ನೂ ಘನ ಅಡಿಗೆ ತಂದರೆ ಹತ್ತು-ಹನ್ನೊಂದು ಅಂಕಿಯ ಸಂಖ್ಯೆಗಳಾಗುತ್ತವೆ. ಸೊನ್ನೆ ಎಣಿಸಿ ಕೂಡಿದರೆ ಎಲ್ಲೋ ಒಂದು ತಪ್ಪಿಯೇ ತಪ್ಪುತ್ತದೆ. ಹತ್ತರ ಘಾತದಲ್ಲಿ ಬರೆದುಕೊಂಡರೆ ಆ ಕಾಟವಿಲ್ಲ: 10⁵ ಎಂದರೆ ಒಂದರ ಮುಂದೆ ಐದು ಸೊನ್ನೆ, ಮೇಲಿನ ಆ 5 ಎಂಬುದೇ ಘಾತ.

ಕೂಡಲು ನಿಯಮ ಒಂದೇ: ಘಾತ ಎರಡರಲ್ಲೂ ಸಮ ಇರಬೇಕು. ಇದು ನಮಗೆ ಹೊಸದೇನಲ್ಲ. ಮೂರು ಕೋಟಿಗೆ ನಲವತ್ತು ಲಕ್ಷ ಸೇರಿಸಿ ಯಾರೂ ನಲವತ್ಮೂರು ಎನ್ನುವುದಿಲ್ಲ, 3.4 ಕೋಟಿ ಎನ್ನುತ್ತಾರೆ. ಲಕ್ಷವೆಂದರೆ 10⁵, ಕೋಟಿಯೆಂದರೆ 10⁷. ನಲವತ್ತು ಲಕ್ಷವನ್ನು 0.4 ಕೋಟಿ ಮಾಡಿಕೊಂಡಾಗಲೇ ಘಾತ ಹೊಂದಿಸಿದಂತಾಯಿತು.

ಡ್ಯಾಂನಲ್ಲಿ 78.5 ಟಿಎಂಸಿ ಇದೆ, ದಿನವಿಡೀ 40,000 ಕ್ಯೂಸೆಕ್ ಬರುತ್ತಿದೆ ಎಂದಿಟ್ಟುಕೊಳ್ಳಿ. ಹೊರಹರಿವು ಸದ್ಯಕ್ಕೆ ಬೇಡ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 10⁹. ಹಾಗಾಗಿ ಸಂಗ್ರಹ 7.85 × 10¹⁰. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಳಹರಿವು 4 × 10⁴ × 8.64 × 10⁴ = 34.56 × 10⁸, ಅಂದರೆ 3.456 × 10⁹.

ಈಗ ಚಿಕ್ಕ ಘಾತವನ್ನು ದೊಡ್ಡದಕ್ಕೆ ಏರಿಸಿ. ಘಾತ ಒಂದು ಹೆಚ್ಚಿದರೆ ದಶಮಾಂಶ ಬಿಂದು ಒಂದು ಮನೆ ಎಡಕ್ಕೆ: 0.3456 × 10¹⁰. ಕೂಡಿದರೆ 8.1956 × 10¹⁰, ಸುಮಾರು 82 ಟಿಎಂಸಿ.

ತಪ್ಪುಗಳನ್ನು ಹಿಡಿಯಲು ಡ್ಯಾಂ ಅನ್ನೇ ಸಾಕ್ಷಿಗೆ ಕರೆಯಬಹುದು. ಬಿಂದುವನ್ನು ಬಲಕ್ಕೆ ಸರಿಸಿದರೆ 34.56 ಸೇರಿ 424 ಟಿಎಂಸಿ ಬರುತ್ತದೆ. ಜಲಾಶಯದ ಸಾಮರ್ಥ್ಯವೇ ಸುಮಾರು 105.8. ಘಾತಗಳನ್ನೂ ಕೂಡಿ 10¹⁹ ಮಾಡಿದರಂತೂ ಕಣ್ಣಿಗೇ ಹೊಡೆಯುತ್ತದೆ. ಘಾತ ಕೂಡುವುದು ಗುಣಾಕಾರದಲ್ಲಿ ಮಾತ್ರ, ಮೇಲೆ ಒಳಹರಿವಿಗೆ ಮಾಡಿದ್ದು ಅದನ್ನೇ. ನಿಜವಾಗಿ ಮೋಸ ಮಾಡುವುದು ಮೂರನೆಯದು: ಘಾತ ನೋಡದೆ 7.85ಕ್ಕೆ 3.456 ಸೇರಿಸುವುದು. ಬರುವ 113 ಟಿಎಂಸಿ ಸಾಮರ್ಥ್ಯ ಮೀರಿದ್ದರೂ ಹತ್ತಿರದಲ್ಲೇ ಇದೆ, ಅವಸರದಲ್ಲಿ ನಂಬಿಬಿಡುತ್ತೇವೆ.

ಮೊತ್ತ ಹತ್ತು ದಾಟಿದರೆ ಮತ್ತೆ ಸರಿಪಡಿಸಿ: 10.2 × 10¹⁰ ಎಂಬುದು 1.02 × 10¹¹.

ಎಷ್ಟು ಅಂಕಿ ಉಳಿಸಬೇಕು? ಸಂಗ್ರಹ 78.5 ಎಂದಷ್ಟೇ ಗೊತ್ತಿರುವಾಗ 8.1956ರ ಕೊನೆಯ ಎರಡಂಕಿಗೆ ಬೆಲೆಯಿಲ್ಲ, 8.20 × 10¹⁰ ಎನ್ನುವುದೇ ಪ್ರಾಮಾಣಿಕ ಉತ್ತರ. ಒಂದು ಟಿಎಂಸಿ ಸುಮಾರು 2.83 × 10¹⁰ ಲೀಟರ್. ಅದಕ್ಕೆ 5,000 ಲೀಟರಿನ ಒಂದು ಟ್ಯಾಂಕರ್ ಸುರಿದರೆ ಸೇರುವುದು 0.0000005 × 10¹⁰. ಓಣಿಗೆ ಅಮೂಲ್ಯವಾದ ಆ ಟ್ಯಾಂಕರ್ 2.83ರ ಮುಂದೆ ಕಾಣುವುದೇ ಇಲ್ಲ.

ಕ್ಯಾಲ್ಕುಲೇಟರ್‌ನಲ್ಲಿ 7.85, ಇಎಕ್ಸ್‌ಪಿ (EXP), 10 ಎಂದಷ್ಟೇ ಒತ್ತಿ. ಆ ಕೀಲಿಯಲ್ಲೇ ‘ಗುಣಿಸು ಹತ್ತರ ಘಾತ’ ಅಡಗಿದೆ. ನಡುವೆ ಮತ್ತೆ ‘× 10’ ಒತ್ತಿದರೆ ಉತ್ತರ ಹತ್ತು ಪಟ್ಟಾಗುತ್ತದೆ. ಎಕ್ಸೆಲ್‌ನಲ್ಲಿ ಕಾಣುವ 7.85E+10 ಕೂಡ ಇದೇ ಸಂಖ್ಯೆ.