ಅತಿಯಾದ ಕಾವಲು ಮತ್ತು ವಾದದ ಅಂಗಳ

2018ರಲ್ಲಿ ಅಮೆರಿಕದ ಯೂಟಾ ರಾಜ್ಯವು, ತಕ್ಕ ವಯಸ್ಸಿನ ಮಕ್ಕಳು ಒಬ್ಬರೇ ಶಾಲೆಗೆ ನಡೆದುಹೋಗುವುದನ್ನೂ ಹೊರಗೆ ಆಡುವುದನ್ನೂ ಪೋಷಕರ ನಿರ್ಲಕ್ಷ್ಯವೆಂದು ಪರಿಗಣಿಸಬಾರದೆಂದು ಕಾನೂನು ಮಾಡಿತು. ಇಷ್ಟು ಸಹಜವಾದ ಸಂಗತಿಗೂ ಕಾನೂನಿನ ಆಸರೆ ಬೇಕಾಯಿತೆಂಬುದು ನನ್ನನ್ನು ಕಾಡುತ್ತದೆ. ದೊಡ್ಡವರ ಮಧ್ಯಸ್ಥಿಕೆಯಿಲ್ಲದೆ ಜಗಳವಾಡಿ, ಸೋತು, ಮತ್ತೆ ರಾಜಿಯಾಗುವ ಅಭ್ಯಾಸ ಬಾಲ್ಯದಲ್ಲಿ ದೊರೆಯದಿದ್ದರೆ, ಹದಿನೆಂಟರ ವಯಸ್ಸಿನಲ್ಲಿ ಎದುರಾಗುವ ತೀವ್ರ ಭಿನ್ನಾಭಿಪ್ರಾಯವು ಅಪಾಯದಂತೆಯೇ ತೋರುವುದು ಸಹಜವೆಂದು ನಾನು ನಂಬುತ್ತೇನೆ.

2017ರ ಮಾರ್ಚ್‌ನಲ್ಲಿ ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನಲ್ಲಿ, ಬುದ್ಧಿಮತ್ತೆ ಮತ್ತು ಜನಾಂಗದ ಕುರಿತ ಬರಹಗಳಿಂದ ವಿವಾದಕ್ಕೊಳಗಾಗಿದ್ದ ಚಾರ್ಲ್ಸ್ ಮರ್ರೆ ಮಾತನಾಡಲು ನಿಂತಾಗ, ವಿದ್ಯಾರ್ಥಿಗಳು ಬೆನ್ನು ತಿರುಗಿಸಿ ಘೋಷಣೆ ಕೂಗಿದರು. ಕಾರ್ಯಕ್ರಮವನ್ನು ಬೇರೊಂದು ಕೋಣೆಯಿಂದ ನೇರಪ್ರಸಾರ ಮಾಡಬೇಕಾಯಿತು. ಹೊರಬರುವಾಗಿನ ನೂಕಾಟದಲ್ಲಿ ಗಾಯಗೊಂಡವರು ಪ್ರಾಧ್ಯಾಪಕಿ ಆಲಿಸನ್ ಸ್ಟ್ಯಾಂಗರ್. ಮರ್ರೆಯವರನ್ನು ಪ್ರಶ್ನಿಸಲೆಂದೇ ವೇದಿಕೆಗೆ ಬಂದಿದ್ದವರು ಅವರು. ಇದಕ್ಕೆ ಪಾಲನೆಯ ಕ್ರಮವೊಂದೇ ಕಾರಣವೆನ್ನಲಾರೆ. ಮರ್ರೆಯವರ ವಿಚಾರಗಳು ಕಪ್ಪು ವಿದ್ಯಾರ್ಥಿಗಳಿಗೆ ಉಂಟುಮಾಡುವ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಪ್ರತಿಭಟನೆ ಅವರ ಹಕ್ಕೂ ಹೌದು. ಆದರೆ ತುಂಬಿದ ಸಭೆಯಲ್ಲಿ, ಮುಖಾಮುಖಿಯಾಗಿ ಅವನ್ನು ಖಂಡಿಸುವ ಅವಕಾಶ ಅವರಿಗೇ ತಪ್ಪಿತು.

ವಿವಾದದ ಕಾರಣಕ್ಕೆ ಆಹ್ವಾನಿತ ಭಾಷಣಕಾರರನ್ನು ಕೈಬಿಡುವುದಿಲ್ಲವೆಂದು ಷಿಕಾಗೊ ವಿಶ್ವವಿದ್ಯಾಲಯವು 2016ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪತ್ರ ಬರೆಯಿತು. ಈ ನಿಲುವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೂ ಬಾಲ್ಯವಿಡೀ ಕಾವಲಿನಲ್ಲಿ ಬೆಳೆದವರಿಗೆ ಒಂದು ಪತ್ರ ಸಾಲದು. ತಮಗೊಪ್ಪದ ಪಕ್ಷವನ್ನು ಅದರ ಸಮರ್ಥಕರೂ ಮೆಚ್ಚುವಂತೆ ಮಂಡಿಸಿ, ಅನಂತರವೇ ಖಂಡಿಸುವ ತರಬೇತಿಯನ್ನು ಮೊದಲ ವರ್ಷದ ತರಗತಿಯಲ್ಲಿಯೇ ಅಧ್ಯಾಪಕರು ನೀಡಬೇಕು.