ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ?

ರಸಾಯನಶಾಸ್ತ್ರದ ಪಾಠ ಹೇಳುವುದು ನನ್ನ ಕೆಲಸ ಎಂದು ತಿಳಿದ ಮರುಕ್ಷಣ ವಿದ್ಯಾರ್ಥಿಗಳಾಗಲಿ ಅವರ ತಂದೆತಾಯಿಯಾಗಲಿ ಕೇಳುವ ಪ್ರಶ್ನೆ ಒಂದೇ: "ಅಷ್ಟೊಂದು ರಿಯಾಕ್ಷನ್‌ಗಳನ್ನು ಹೇಗೆ ಸರ್ ನೆನಪಿಟ್ಟುಕೊಳ್ಳುವುದು? ಏನಾದರೂ ಸುಲಭದ ಉಪಾಯ ಇದೆಯೇ?" ಇದಕ್ಕೆ ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ಅವುಗಳನ್ನು ನೆನಪಿಟ್ಟುಕೊಳ್ಳಬೇಡಿ. ನೆನಪಿಟ್ಟುಕೊಳ್ಳಲೇಬೇಕಾದದ್ದು ಬಹಳ ಕಡಿಮೆ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಉಳಿದದ್ದನ್ನು ಪ್ರತಿ ಸಲವೂ ಕಾಗದದ ಮೇಲೆ ಹೊಸದಾಗಿ ಕಂಡುಕೊಳ್ಳಬೇಕು, ಮತ್ತು ಹಾಗೆ ಕಂಡುಕೊಳ್ಳುವುದು ಯಾರಿಗಾದರೂ ಅಭ್ಯಾಸದಿಂದ ಬರುವ ಕೌಶಲ.

ಈ ಉತ್ತರವನ್ನು ಯಾರೂ ಒಪ್ಪುವುದಿಲ್ಲ. "ಅದೆಲ್ಲ ಸರಿ ಸರ್, ಆದರೆ ಪರೀಕ್ಷೆ ಹತ್ತಿರವಿದೆ" ಎನ್ನುತ್ತಾರೆ. ಪರೀಕ್ಷೆ ಹತ್ತಿರವಿರುವುದರಿಂದಲೇ ಈ ಮಾತು ಹೇಳುತ್ತಿದ್ದೇನೆ ಎಂಬುದು ಅವರ ಕಿವಿಗೆ ಬೀಳುವುದಿಲ್ಲ. ಹೀಗೆ ಕೇಳಿದವರಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ನಾನು ಮರೆತಿಲ್ಲ. ಆಕೆ ತಂದ ದಪ್ಪ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಆರಂಭದ ವಸ್ತು, ಬಲಕ್ಕೆ ಉತ್ಪನ್ನ, ನಡುವಿನ ಬಾಣದ ಮೇಲೆ ಕೆಂಪು ಶಾಯಿಯಲ್ಲಿ ಕಾರಕದ (ಕ್ರಿಯೆ ನಡೆಸಲು ಸೇರಿಸುವ ವಸ್ತುವಿನ) ಹೆಸರು, ಹೀಗೆ ಪುಟದ ಮೇಲೆ ಪುಟ ಅಚ್ಚುಕಟ್ಟಾಗಿ ತುಂಬಿತ್ತು. ಪ್ರೋಪೀನಿಗೆ ಹೈಡ್ರೋಜನ್ ಬ್ರೋಮೈಡ್ ಸೇರಿದರೆ ಏನಾಗುತ್ತದೆ ಎಂದು ಕೇಳಿದೆ. "2-ಬ್ರೋಮೋಪ್ರೋಪೇನ್" ಎಂದು ತಕ್ಷಣ ಹೇಳಿ, ಹೈಡ್ರೋಜನ್ ಹೆಚ್ಚಿರುವ ಕಾರ್ಬನ್ನಿಗೇ ಹೊಸ ಹೈಡ್ರೋಜನ್ ಸೇರುತ್ತದೆ ಎಂಬ ಮಾರ್ಕೊವ್ನಿಕೋವ್ ನಿಯಮವನ್ನೂ ಒಪ್ಪಿಸಿದಳು. ಆಮೇಲೆ 1-ಫೀನೈಲ್‌ಪ್ರೋಪೀನ್ ಬರೆದುಕೊಟ್ಟೆ. ಅದರ ದ್ವಿಬಂಧದ ಎರಡೂ ಕಾರ್ಬನ್‌ಗಳಲ್ಲಿ ಇರುವುದು ಒಂದೊಂದೇ ಹೈಡ್ರೋಜನ್. ನಿಯಮ ಅಲ್ಲಿ ಕೈಕೊಟ್ಟಿತು. ಆಕೆ ನೋಟ್‌ಬುಕ್ಕಿನ ಪುಟಗಳನ್ನು ತಿರುವಿದಳು, ಅಲ್ಲಿ ಆ ಅಣು ಇರಲಿಲ್ಲ.

ನೋಟ್‌ಬುಕ್ ಮುಚ್ಚಿಸಿ, ದ್ವಿಬಂಧದ ಎಲೆಕ್ಟ್ರಾನ್ ಜೋಡಿಯಿಂದ ಹೈಡ್ರೋಜನ್ನಿನ ಕಡೆಗೆ ಒಂದು ಬಾಗಿದ ಬಾಣವನ್ನೂ (ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂದು ತೋರಿಸುವ ಗುರುತು), ಹೈಡ್ರೋಜನ್ ಮತ್ತು ಬ್ರೋಮಿನ್ ನಡುವಿನ ಬಂಧದಿಂದ ಬ್ರೋಮಿನ್ ಕಡೆಗೆ ಇನ್ನೊಂದನ್ನೂ ಎಳೆಯಲು ಹೇಳಿದೆ. ಹೈಡ್ರೋಜನ್ ಒಮ್ಮೆ ಈ ಕಾರ್ಬನ್ನಿಗೆ ಸೇರಿದಂತೆ, ಒಮ್ಮೆ ಆ ಕಾರ್ಬನ್ನಿಗೆ ಸೇರಿದಂತೆ ಎರಡು ಚಿತ್ರ ಬರೆಸಿ, ಧನಾವೇಶ ಎಲ್ಲಿ ಉಳಿಯಿತು ನೋಡು ಎಂದೆ. ಒಂದರಲ್ಲಿ ಅದು ಬೆಂಜೀನ್ ಉಂಗುರಕ್ಕೆ ತಗುಲಿದ ಕಾರ್ಬನ್ನಿನ ಮೇಲಿತ್ತು. ಅಲ್ಲಿದ್ದರೆ ಅದು ಉಂಗುರದೊಳಕ್ಕೂ ಹರಡಿಕೊಳ್ಳಬಹುದು, ಇನ್ನೊಂದರಲ್ಲಿ ಆ ಅವಕಾಶವಿಲ್ಲ ಎಂದು ಆಕೆಯೇ ಹೇಳಿ, ಬ್ರೋಮಿನ್ನನ್ನು ಉಂಗುರದ ಪಕ್ಕದ ಕಾರ್ಬನ್ನಿಗೆ ಸೇರಿಸಿದಳು. ಸರಿಯಾದ ಉತ್ತರ ಅದೇ. ಪ್ರೋಪೀನಿನ ಉತ್ತರವೂ ಇದೇ ಕಾರಣದಿಂದ ಬರುತ್ತದೆ: ನಡುವಿನ ಕಾರ್ಬನ್ನಿನ ಧನಾವೇಶಕ್ಕೆ ಅಕ್ಕಪಕ್ಕದ ಎರಡು ಮೀಥೈಲ್ ಗುಂಪುಗಳ ಆಸರೆಯಿದೆ, ತುದಿಯ ಕಾರ್ಬನ್ನಿಗೆ ಅಷ್ಟು ಆಸರೆಯಿಲ್ಲ.

ಮಾರ್ಕೊವ್ನಿಕೋವ್ ತನ್ನ ನಿಯಮವನ್ನು ಹೇಳಿದ್ದು 1870ರ ಸುಮಾರಿಗೆ, ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಅಂದರೆ ಕಾರಣ ತಿಳಿಯುವ ದಾರಿಯೇ ಇಲ್ಲದ ಕಾಲದಲ್ಲಿ ಆತ ತಾನು ಕಂಡದ್ದನ್ನು ನಿಯಮವಾಗಿ ಬರೆದಿಟ್ಟ, ಅದನ್ನು ಬಾಯಿಪಾಠ ಮಾಡುವುದು ಅಂದಿನವರಿಗೆ ಅನಿವಾರ್ಯವಾಗಿತ್ತು. 1916ರಲ್ಲಿ ಲೂಯಿಸ್ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿಯೇ ಬಂಧ ಎಂದು ವಿವರಿಸಿದ ಮೇಲೆ, 1922ರಲ್ಲಿ ಕೆರ್ಮ್ಯಾಕ್ ಮತ್ತು ರಾಬಿನ್ಸನ್ ಬಾಗಿದ ಬಾಣಗಳನ್ನು ಬಳಕೆಗೆ ತಂದ ಮೇಲೆ, ಆ ಅನಿವಾರ್ಯ ನಮಗಿಲ್ಲ. ಹಾಗಿದ್ದೂ ಮಕ್ಕಳ ಕೈಯಲ್ಲಿ ಆ ದಪ್ಪ ನೋಟ್‌ಬುಕ್ ಬರೆಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬಾಣ ಎಳೆಯಲು ಬಾರದವರಿಗೆ ನಿಜವಾಗಿ ಬಾರದಿರುವುದು ಅದಕ್ಕೂ ಹಿಂದಿನ ಪಾಠ. ಸಾವಯವ ಅಣುವನ್ನು ಗೆರೆಗಳಲ್ಲಿ ಬರೆದಾಗ ಹೈಡ್ರೋಜನ್‌ಗಳೂ ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿಗಳೂ ಮರೆಯಾಗುತ್ತವೆ. ಆವೇಶವಿಲ್ಲದ ಆಕ್ಸಿಜನ್ನಿಗೆ ಎರಡು ಬಂಧ ಮತ್ತು ಅಂಥ ಎರಡು ಜೋಡಿ, ನೈಟ್ರೋಜನ್ನಿಗೆ ಮೂರು ಬಂಧ ಮತ್ತು ಒಂದು ಜೋಡಿ, ಕಾರ್ಬನ್ನಿಗೆ ನಾಲ್ಕು ಬಂಧ ಎಂಬುದು ಕೈಗೆ ಹತ್ತಿದ್ದರೆ, ಮರೆಯಾದದ್ದು ತಾನಾಗಿ ಕಾಣುತ್ತದೆ. ಹತ್ತಿಲ್ಲದಿದ್ದರೆ ಐದು ಬಂಧಗಳ ಕಾರ್ಬನ್ ಬರೆದರೂ ಬರೆದವರಿಗೆ ಅದು ವಿಚಿತ್ರವಾಗಿ ತೋರುವುದೇ ಇಲ್ಲ.

ಹಾಗಾಗಿ ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆಯೇ ಇದೆ: ನಾನು ಬರೆದದ್ದು ತಪ್ಪೋ ಸರಿಯೋ ಎಂದು ಉತ್ತರದ ಪುಟ ನೋಡದೆ ತಿಳಿಯುವುದು ಹೇಗೆ? ಮೊದಲ ವರ್ಷದ ಪಾಠವೆಲ್ಲ ಈ ಪ್ರಶ್ನೆಗೆ ಕೊಡುವ ಉತ್ತರವೇ ಆಗಿದೆ. 4 ಗ್ರಾಂ ಹೈಡ್ರೋಜನ್ನನ್ನು 16 ಗ್ರಾಂ ಆಕ್ಸಿಜನ್ನಿನಲ್ಲಿ ಉರಿಸಿದರೆ ಎಷ್ಟು ನೀರು ಬರುತ್ತದೆ ಎಂಬ ಲೆಕ್ಕಕ್ಕೆ 36 ಗ್ರಾಂ ಎಂದು ಬರೆದವರು ಒಮ್ಮೆ ಕೂಡಿ ನೋಡಿದ್ದರೆ ಸಾಕಿತ್ತು, ಇದ್ದದ್ದೇ ಒಟ್ಟು 20 ಗ್ರಾಂ. ಆಕ್ಸಿಜನ್ ಅರ್ಧ ಮೋಲ್ (ಅಣುಗಳನ್ನು ಎಣಿಸುವ ಅಳತೆ) ಮಾತ್ರ ಇರುವುದರಿಂದ ಅದು ಒಂದು ಮೋಲ್, ಅಂದರೆ 2 ಗ್ರಾಂ, ಹೈಡ್ರೋಜನ್ನನ್ನಷ್ಟೇ ಬಳಸಿಕೊಂಡು 18 ಗ್ರಾಂ ನೀರು ಕೊಡುತ್ತದೆ, 2 ಗ್ರಾಂ ಹೈಡ್ರೋಜನ್ ಉಳಿಯುತ್ತದೆ.

ಸಾವಯವದಲ್ಲೂ ಇಂಥ ತಾಳೆ ನೋಡುವಿಕೆ ಇದೆ. ಪ್ರತಿ ಹಂತದಲ್ಲೂ ಬಾಣದ ಎರಡೂ ಕಡೆಯ ಒಟ್ಟು ಆವೇಶ ಒಂದೇ ಇರಬೇಕು. ಆಮ್ಲ ಮತ್ತು ಪ್ರತ್ಯಾಮ್ಲಗಳ ಹಂತವಾದರೆ ಪಿಕೆಎ ಮೌಲ್ಯಗಳನ್ನು ಹೋಲಿಸಬೇಕು; ಪಿಕೆಎ ಎಂದರೆ ಆಮ್ಲದ ಪ್ರಬಲತೆಯ ಅಳತೆ, ಅದು ಕಡಿಮೆಯಿದ್ದಷ್ಟೂ ಆಮ್ಲ ಪ್ರಬಲ. ಈಥೈನಿನಿಂದ ಪ್ರೋಟಾನ್ ಕೀಳಲು ಸೋಡಿಯಂ ಹೈಡ್ರಾಕ್ಸೈಡ್ ಸಾಕೇ ಎಂಬ ಪ್ರಶ್ನೆ ಬಂದರೆ ಯಾವ ನೋಟ್‌ಬುಕ್ಕೂ ಬೇಡ. ಈಥೈನಿನ ಪಿಕೆಎ ಸುಮಾರು 25, ನೀರಿನದು ಸುಮಾರು 15.7. ನೀರು ಹೆಚ್ಚು ಪ್ರಬಲವಾದ ಆಮ್ಲ, ಆದ್ದರಿಂದ ಸಮತೋಲನ ಹಿಂದಕ್ಕೇ ವಾಲುತ್ತದೆ. ಒಂಬತ್ತಕ್ಕೂ ಹೆಚ್ಚು ಅಂಕಗಳ ಈ ಅಂತರದ ಅರ್ಥ, ಸಮತೋಲನ ಸ್ಥಿರಾಂಕವು ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಅಮೋನಿಯಾದ ಪಿಕೆಎ ಸುಮಾರು 38, ಹಾಗಾಗಿ ಪ್ರೋಟಾನ್ ಪಡೆದು ಅಮೋನಿಯಾ ಆಗುವ ಸೋಡಿಯಂ ಅಮೈಡ್ ಆ ಕೆಲಸ ಮಾಡುತ್ತದೆ. ಇಷ್ಟನ್ನು ತಾನಾಗಿ ಹೇಳಬಲ್ಲವರು ಕಾರಕಗಳ ಪಟ್ಟಿಯನ್ನು ಬೇರೆಯಾಗಿ ಉರುಹೊಡೆಯುವ ಅಗತ್ಯವಿಲ್ಲ.

ಇನ್ನು ನೆನಪಿಡಬೇಕಾದದ್ದು. ಮೀಥೇನಿನಿಂದ ಡೆಕೇನಿನವರೆಗಿನ ಹೆಸರುಗಳು, ಸಾಮಾನ್ಯ ಕ್ರಿಯಾಗುಂಪುಗಳು, ಅಸಿಟಿಕ್ ಆಮ್ಲದ 4.76ರಿಂದ ಅಮೋನಿಯಾದ 38ರವರೆಗೆ ಏಳೆಂಟು ಪಿಕೆಎ ಮೌಲ್ಯಗಳು, ಪರಮಾಣುಗಳ ಎಲೆಕ್ಟ್ರಾನ್ ಸೆಳೆತದ ಕ್ರಮ, ಮತ್ತು ಉತ್ಕರ್ಷಣಕ್ಕೂ ಅಪಕರ್ಷಣಕ್ಕೂ ಬಳಸುವ ಕೆಲವು ಕಾರಕಗಳು, ಏಕೆಂದರೆ ಅವುಗಳ ಬಾಣಗಳನ್ನು ಆರಂಭದಲ್ಲೇ ಎಳೆಯುವುದು ಕಷ್ಟ. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಉಳಿದ ಸಮಯದಲ್ಲಿ ದಿನಕ್ಕೆ ಒಂದೇ ಕ್ರಿಯೆಯಾದರೂ ಸಾಕು, ಪುಸ್ತಕ ಮುಚ್ಚಿ, ಎಲ್ಲ ಎಲೆಕ್ಟ್ರಾನ್ ಜೋಡಿಗಳನ್ನೂ ಚುಕ್ಕೆಯಿಟ್ಟು ತೋರಿಸಿ, ಪ್ರತಿ ಬಾಣ ಎಲ್ಲಿಂದ ಹೊರಟಿತು ಎಂಬುದನ್ನು ಪಕ್ಕದಲ್ಲಿ ಒಂದು ವಾಕ್ಯದಲ್ಲಿ ಬರೆಯಿರಿ. ವಾಕ್ಯ ಬರೆಯಲು ಎಲ್ಲಿ ತಡವರಿಸುತ್ತೀರೋ ಆ ಜಾಗವನ್ನು ಹಿಡಿದುಕೊಂಡು ನನ್ನ ಬಳಿಗೆ ಬನ್ನಿ, ಎಷ್ಟು ಹೊತ್ತಾದರೂ ಕುಳಿತು ಮಾತಾಡೋಣ.