ಗೋಧಿ ಬಯಲಿನ ಪಾದ್ರಿಯ ಊರಿಗೆ

ಕೆನಡಾದ ರಿಜೈನಾ ನಗರದ ವಾಸ್ಕಾನಾ ಕೆರೆಯ ದಂಡೆಯಲ್ಲಿರುವ ಸಸ್ಕ್ಯಾಚೆವಾನ್ ಪ್ರಾಂತ್ಯದ ಶಾಸನಸಭಾ ಭವನವನ್ನು ನೋಡಿಕೊಂಡು, ಆಗ್ನೇಯಕ್ಕೆ ಸುಮಾರು 110 ಕಿಲೋಮೀಟರ್ ದೂರದ ವೇಬರ್ನ್ ಎಂಬ ಸಣ್ಣ ಊರಿಗೆ ಕಾರಿನಲ್ಲಿ ಹೊರಟೆವು. ಗೋಧಿ, ಕನೋಲಾ ಹೊಲಗಳ ಆ ಬಯಲಿನಲ್ಲಿ ಕಣ್ಣಿಗೆ ಅಡ್ಡವಾಗುವ ಒಂದು ದಿಬ್ಬವೂ ಇರಲಿಲ್ಲ. ಆ ಭವನದಲ್ಲಿ 1944ರಿಂದ 1961ರವರೆಗೆ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಆಗಿದ್ದ ಟಾಮಿ ಡಗ್ಲಸ್ ಅವರು ಅದಕ್ಕೂ ಮೊದಲು ವೇಬರ್ನ್‌ನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾದ್ರಿಯಾಗಿದ್ದರು.

1904ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಗ್ಲಸ್‌ರಿಗೆ ಬಾಲ್ಯದಲ್ಲಿ ಮೂಳೆಯ ಸೋಂಕು ತಗಲಿ, ವಿನಿಪೆಗ್‌ನ ಆಸ್ಪತ್ರೆಯಲ್ಲಿ ಕಾಲನ್ನೇ ಕತ್ತರಿಸುವ ಸ್ಥಿತಿ ಬಂದಿತ್ತು. ವಿದ್ಯಾರ್ಥಿಗಳು ನಿಂತು ನೋಡಲು ಅನುಮತಿ ಕೊಟ್ಟರೆ ಹಣವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವುದಾಗಿ ಒಬ್ಬ ವೈದ್ಯರು ಮುಂದೆ ಬಂದದ್ದರಿಂದ ಆ ಕಾಲು ಉಳಿಯಿತು. ಒಬ್ಬ ಬಡ ಹುಡುಗನ ಕಾಲು ಹೀಗೆ ಯಾರದೋ ದಯೆಯನ್ನು ಕಾಯಬೇಕಾಯಿತಲ್ಲ ಎಂಬುದು ಅವರಿಗೆ ಮರೆಯಲಿಲ್ಲ.

1930ರಲ್ಲಿ ವೇಬರ್ನ್‌ಗೆ ಬಂದ ಅವರು, ಬರ ಮತ್ತು ಆರ್ಥಿಕ ಕುಸಿತಗಳೆರಡಕ್ಕೂ ಸಿಕ್ಕಿ ನಲುಗಿದ ರೈತರ ನಡುವೆ ಕೆಲಸ ಮಾಡುತ್ತಲೇ ರಾಜಕೀಯಕ್ಕಿಳಿದು, 1935ರಲ್ಲಿ ರೈತ, ಕಾರ್ಮಿಕರ ಸಮಾಜವಾದಿ ಪಕ್ಷವಾದ ಸಿಸಿಎಫ್‌ನಿಂದ ರಾಜಧಾನಿ ಒಟ್ಟಾವಾದ ಸಂಸತ್ತಿಗೆ ಆಯ್ಕೆಯಾದರು. ಅವರ ವಿಚಾರಗಳೆಲ್ಲ ಮೆಚ್ಚತಕ್ಕವೇನಲ್ಲ. ದುರ್ಬಲರೆಂದು ತಾವು ಕಂಡವರಿಗೆ ಸಂತಾನಹರಣ ಚಿಕಿತ್ಸೆಯಾಗಬೇಕೆಂದು 1933ರ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ವಾದಿಸಿದ್ದರು. ಪ್ರೀಮಿಯರ್ ಆದ ಮೇಲೆ ಆರೋಗ್ಯ ಖಾತೆಯನ್ನೂ ತಾವೇ ಇಟ್ಟುಕೊಂಡ ಅವರು ಆ ದಾರಿ ಹಿಡಿಯಲಿಲ್ಲವೆಂಬುದನ್ನೂ ಹೇಳಬೇಕು.

ಹಳ್ಳಿಗಳಿಗೆ ವಿದ್ಯುತ್ತು, ಸರ್ಕಾರಿ ವಾಹನ ವಿಮೆ ಇತ್ಯಾದಿಗಳು ಅವರ ಕಾಲದಲ್ಲಿಯೇ ಬಂದವು. 1947ರ ಜನವರಿಯಿಂದ ಇಡೀ ಪ್ರಾಂತ್ಯಕ್ಕೆ ಆಸ್ಪತ್ರೆ ವಿಮೆ ಜಾರಿಯಾಯಿತು. ವೈದ್ಯರ ಶುಲ್ಕವನ್ನೂ ಸರ್ಕಾರವೇ ಭರಿಸುವ ಯೋಜನೆಗೆ ಮಾತ್ರ ಮತ್ತೆ ಹದಿನೈದು ವರ್ಷ ಬೇಕಾಯಿತು. ಅಷ್ಟರಲ್ಲಿ ಸಿಸಿಎಫ್‌ನ ಜಾಗದಲ್ಲಿ ಹುಟ್ಟಿದ ಹೊಸ ಎನ್‌ಡಿಪಿ ಪಕ್ಷದ ರಾಷ್ಟ್ರೀಯ ನಾಯಕತ್ವ ವಹಿಸಿ ಪ್ರಾಂತ್ಯದ ಆಡಳಿತವನ್ನು ಬಿಟ್ಟಿದ್ದ ಡಗ್ಲಸ್, 1962ರ ಜೂನ್ 18ರ ಸಂಸತ್ ಚುನಾವಣೆಯಲ್ಲಿ ರಿಜೈನಾದಲ್ಲೇ ಸೋತರು. ಜುಲೈ 1ರಂದು ಯೋಜನೆ ಆರಂಭವಾದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು. ಅದನ್ನು ಎದುರಿಸಿದವರು ಪ್ರೀಮಿಯರ್ ಹುದ್ದೆಯಲ್ಲಿ ಡಗ್ಲಸ್‌ರ ಉತ್ತರಾಧಿಕಾರಿಯಾದ ವುಡ್ರೋ ಲಾಯ್ಡ್. ಕೆನಡಾದ ಸಂಸತ್ತು 1966ರಲ್ಲಿ ಇದೇ ಮಾದರಿಯನ್ನು ದೇಶಕ್ಕೆಲ್ಲ ವಿಸ್ತರಿಸುವ ಕಾನೂನು ಮಾಡಿತು.

ಸಂಜೆ ಸೂರಿಸ್ ನದಿಯ ಕಣಿವೆಯ ಮೇಲಿರುವ, 2010ರಲ್ಲಿ ಅವರ ಮೊಮ್ಮಗ, ನಟ ಕೀಫರ್ ಸದರ್ಲೆಂಡ್ ಅನಾವರಣಗೊಳಿಸಿದ ಕಂಚಿನ ಪ್ರತಿಮೆಯ ಮುಂದೆ ನಿಂತೆವು. ನನ್ನ ದೃಷ್ಟಿ ಮುಖಕ್ಕಿಂತ ಮೊದಲು ಹೋದದ್ದು ಕಾಲುಗಳ ಕಡೆಗೆ. ಕಂಚಿನ ಷರಾಯಿಯೊಳಗೆ ಉಳಿಸಿಕೊಂಡ ಕಾಲು ಯಾವುದೆಂದು ಗೊತ್ತಾಗುವಂತಿರಲಿಲ್ಲ.